ಸಂತೆಯ ಸ್ವಾತಂತ್ರ್ಯ ಮತ್ತು ಬಡವನ ಹಕ್ಕು

ಕ್ರಿ.ಶ. 622. ಮಕ್ಕಾದಲ್ಲಿ ಮನೆ, ಆಸ್ತಿ, ವ್ಯಾಪಾರ, ಬಂಧು ಬಳಗ ಎಲ್ಲವನ್ನೂ ತೊರೆದು ಬರಿಗೈಯಲ್ಲಿ ಮದೀನಾ ಸೇರಿದ ಮುಹಾಜಿರರನ್ನು ಪ್ರವಾದಿವರ್ಯರು(ಸ) ಅಲ್ಲಿನ ಅನ್ಸಾರರ ಜೊತೆ ಸಹೋದರ ಸಂಬಂಧದಲ್ಲಿ ಬೆಸೆದರು. ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಹೋದರನಾಗಿ ಸಿಕ್ಕಿದವರು ಸಅದ್ ಬಿನ್ ರಬೀಅ್(ರ). ಅವರು ಅನ್ಸಾರರಲ್ಲೇ ದೊಡ್ಡ ಶ್ರೀಮಂತರು. ತನ್ನ ಸೊತ್ತಿನಲ್ಲಿ ಸರಿ ಅರ್ಧವನ್ನು ನೀವು ತೆಗೆದುಕೊಳ್ಳಿರೆಂದು ಅವರು ಮುಂದಿಟ್ಟರು. ಅಬ್ದುರ್ರಹ್ಮಾನ್(ರ) ಅವರ ಮನೆಗೂ ಸಂಪತ್ತಿಗೂ ಬರ್ಕತ್ ಬೇಡಿ ಪ್ರಾರ್ಥಿಸಿದರು. ಅರ್ಧ ಸೊತ್ತನ್ನು ಸ್ವೀಕರಿಸಲಿಲ್ಲ. ಕೇಳಿದ್ದು ಒಂದೇ, ಸಂತೆಗೆ ಹೋಗುವ ದಾರಿ ಯಾವುದು? ಬನೂ ಕೈನುಕಾದ ಸಂತೆಗೆ ಹೋಗಿ ತುಪ್ಪವನ್ನೂ ಒಣಗಿಸಿದ ಮೊಸರುಗಟ್ಟಿಯನ್ನೂ ಮಾರಿದರು. ಕೆಲವೇ ದಿನಗಳಲ್ಲಿ ಸ್ವಂತ ಸಂಪಾದನೆಯಿಂದ ಮದುವೆಯಾಗುವಷ್ಟು ಚೇತರಿಸಿಕೊಂಡರು.

ಈ ಘಟನೆಯನ್ನು ನಾವು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಒಬ್ಬರ ಔದಾರ್ಯ, ಇನ್ನೊಬ್ಬರ ಸ್ವಾಭಿಮಾನ ಎಂದು ಮೆಚ್ಚಿಕೊಂಡು ಅಲ್ಲಿಗೇ ಬಿಡುತ್ತೇವೆ. ಆದರೆ ಆ ಕಾಲದ ಮದೀನಾದಲ್ಲಿ ಇನ್ನೊಂದು ದೃಶ್ಯವೂ ಇತ್ತು. ಮಸೀದಿಯ ಒಂದು ಬದಿಯ ಚಪ್ಪರದ ಕೆಳಗೆ ಮನೆಯಿಲ್ಲದ, ಬಂಡವಾಳವಿಲ್ಲದ ಅಹ್ಲುಸ್ಸುಫ್ಫದವರು ವಾಸವಾಗಿದ್ದರು. ಅವರ ಊಟದ ಹೊಣೆಯನ್ನು ಸಮಾಜ ಹೊತ್ತಿತ್ತು. ಇಬ್ಬರ ಊಟವಿರುವವನು ಮೂರನೆಯವನನ್ನು ಕರೆದೊಯ್ಯಬೇಕೆಂದು ಪ್ರವಾದಿ(ಸ) ಅನುಚರರಿಗೆ ಹೇಳುತ್ತಿದ್ದರು. ಹೀಗೆ ಒಂದೇ ಊರಿನಲ್ಲಿ, ಒಂದೇ ನಾಯಕತ್ವದ ಕೆಳಗೆ, ಸಂತೆಯೂ ಇತ್ತು, ಸುಫ್ಫವೂ ಇತ್ತು. ಒಂದು ಇನ್ನೊಂದಕ್ಕೆ ಅಡ್ಡಿಯೆಂದು ಯಾರಿಗೂ ಅನಿಸಲಿಲ್ಲ.

ನಮಗೆ ಮಾತ್ರ ಹಾಗೆ ಅನಿಸುತ್ತದೆ. 1991ರಲ್ಲಿ ನಮ್ಮ ದೇಶ ಉದಾರೀಕರಣದ ದಾರಿ ಹಿಡಿದಂದಿನಿಂದ ಈ ಚರ್ಚೆ ಅಂಗಡಿ ಜಗಲಿಯಿಂದ ಅಧ್ಯಯನ ಗೋಷ್ಠಿಯ ತನಕ ಎಲ್ಲೆಡೆ ಇದೆ. ವ್ಯಾಪಾರವನ್ನು ವ್ಯಾಪಾರಿಗೆ ಬಿಡಿ, ದುಡಿದವನು ಉಣ್ಣಲಿ, ಉಚಿತವಾಗಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎನ್ನುವವರು ಒಂದು ಕಡೆ. ವ್ಯಾಪಾರಿಯನ್ನು ಸಡಿಲ ಬಿಟ್ಟರೆ ಬಡವನನ್ನು ನುಂಗುತ್ತಾನೆ, ಬೆಲೆಯನ್ನೆಲ್ಲ ಸರಕಾರವೇ ಕಟ್ಟಬೇಕು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಪವಿತ್ರ ಕುರ್‌ಆನನ್ನೇ ಮುಂದಿಡುತ್ತಾರೆ. ವ್ಯಾಪಾರವನ್ನು ಧರ್ಮಸಮ್ಮತಗೊಳಿಸಿದ ಸೂಕ್ತವನ್ನೂ (2:275), ಪರಸ್ಪರ ಒಪ್ಪಿಗೆಯ ವ್ಯವಹಾರವನ್ನು ಸಮ್ಮತಿಸಿದ ಸೂಕ್ತವನ್ನೂ (4:29) ಒಬ್ಬನು ತೋರಿಸಿದರೆ, ಸಂಪತ್ತು ಧನಿಕರ ನಡುವೆಯೇ ಸುತ್ತುತ್ತಿರಬಾರದೆಂಬ ಸೂಕ್ತವನ್ನು (59:7) ಇನ್ನೊಬ್ಬನು ತೋರಿಸುತ್ತಾನೆ. ಎರಡೂ ಒಂದೇ ಗ್ರಂಥದ ಮಾತುಗಳೆಂಬುದನ್ನು ಇಬ್ಬರೂ ಮರೆಯುತ್ತಾರೆ.

ಇವೆರಡರ ನಡುವೆ ರಾಜಿ ಮಾಡಿಸುವುದು, ಸ್ವಲ್ಪ ಇದು ಸ್ವಲ್ಪ ಅದು ಎಂದು ತೂಗುವುದು ಇಸ್ಲಾಮಿನ ದಾರಿಯಲ್ಲ ಎಂಬುದು ನನ್ನ ತಿಳುವಳಿಕೆ. ಪ್ರವಾದಿಚರ್ಯೆಯನ್ನು ಗಮನಿಸಿದರೆ ವ್ಯಾಪಾರಿಯ ಸ್ವಾತಂತ್ರ್ಯವೂ ಬಡವನ ಪಾಲೂ ಒಂದೇ ಬೇರಿನಿಂದ ಹುಟ್ಟಿದಂತೆ ಕಾಣುತ್ತದೆ. ಆ ಬೇರಿನ ಹೆಸರು ‘ಹಕ್ಕ್’, ನಮ್ಮ ಕನ್ನಡದಲ್ಲಿಯೂ ಹಕ್ಕು.

ಬೆಲೆ ಕಟ್ಟಲು ನಿರಾಕರಿಸಿದ ಪ್ರವಾದಿ(ಸ)

ಮದೀನಾದಲ್ಲಿ ಒಮ್ಮೆ ಧಾರಣೆ ವಿಪರೀತ ಏರಿತು. ಜನರು ಪ್ರವಾದಿವರ್ಯರ(ಸ) ಬಳಿ ಬಂದು ಬೆಲೆ ನಿಗದಿ ಮಾಡಿಕೊಡಿ ಎಂದು ಕೇಳಿಕೊಂಡರು. ಅವರು ಒಪ್ಪಲಿಲ್ಲ. ಬೆಲೆಯನ್ನು ನಿರ್ಧರಿಸುವವನೂ, ಬಿಗಿ ಹಿಡಿಯುವವನೂ, ವಿಪುಲಗೊಳಿಸುವವನೂ ಅಲ್ಲಾಹನೇ ಎಂದರು. ಪ್ರಾಣ ಮತ್ತು ಸೊತ್ತಿನ ವಿಷಯದಲ್ಲಿ ಯಾರೂ ತನ್ನ ಮೇಲೆ ಅನ್ಯಾಯದ ದೂರು ಹೊರಿಸದ ಸ್ಥಿತಿಯಲ್ಲಿ ತಾನು ಅಲ್ಲಾಹನನ್ನು ಭೇಟಿಯಾಗಬಯಸುತ್ತೇನೆ ಎಂದೂ ತಿಳಿಸಿದರು. ಅನಸ್(ರ)ರಿಂದ ವರದಿಯಾದ ಈ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ.

ಗಮನಿಸಿ, ಇಲ್ಲಿ ಕಾರಣವಾಗಿ ಹೇಳಿದ್ದು ವ್ಯಾಪಾರದ ಲಾಭವನ್ನಲ್ಲ, ದೇಶದ ಉತ್ಪನ್ನವನ್ನೂ ಅಲ್ಲ. ಹೇಳಿದ್ದು ಅನ್ಯಾಯದ ಭಯವನ್ನು. ಮಾರುವವನ ಸರಕು ಅವನ ಸೊತ್ತು. ಅವನ ಒಪ್ಪಿಗೆಯಿಲ್ಲದೆ ಕಡಿಮೆ ಬೆಲೆಗೆ ಕಸಿದುಕೊಂಡರೆ, ಕಸಿದವನು ಆಡಳಿತಗಾರನೇ ಆಗಿದ್ದರೂ ಪರಲೋಕದಲ್ಲಿ ಉತ್ತರಿಸಬೇಕು.

ಆದರೆ ಆ ಸಂತೆ ಕಡಿವಾಣವಿಲ್ಲದ ಸಂತೆಯಾಗಿರಲಿಲ್ಲ. ಹಳ್ಳಿಯಿಂದ ಸರಕು ತರುವವರನ್ನು ಊರ ಹೊರಗೇ ಅಡ್ಡಗಟ್ಟಿ, ಅವರಿಗೆ ಸಂತೆಯ ಧಾರಣೆ ತಿಳಿಯುವ ಮುಂಚೆ ಅಗ್ಗಕ್ಕೆ ಕೊಳ್ಳುವುದನ್ನು ಪ್ರವಾದಿ(ಸ) ನಿಷೇಧಿಸಿದರು. ಬೆಲೆ ಏರಲೆಂದು ಧಾನ್ಯ ಬಚ್ಚಿಡುವುದನ್ನು ಪಾಪವೆಂದರು. ಒಮ್ಮೆ ಧಾನ್ಯದ ರಾಶಿಗೆ ಕೈ ಹಾಕಿದಾಗ ಒಳಗಡೆ ಒದ್ದೆಯಾಗಿತ್ತು. ಮಳೆಗೆ ಸಿಕ್ಕಿದ್ದೆಂದು ಮಾಲಕನು ಹೇಳಿದಾಗ, ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯನ್ನು ಮೇಲೆ ಇಡಬೇಕಿತ್ತು ಎಂದರು. ಇವೆಲ್ಲ ಬೆಲೆಯನ್ನು ಕಟ್ಟುವ ನಿಯಮಗಳಲ್ಲ. ಬೆಲೆ ನ್ಯಾಯವಾಗಿ ಹುಟ್ಟಲು ಬೇಕಾದ ನಿಯಮಗಳು. ಕೊಳ್ಳುವವನಿಗೂ ಮಾರುವವನಿಗೂ ನಿಜ ತಿಳಿದಿರಬೇಕು, ಇಬ್ಬರೂ ಒಪ್ಪಿರಬೇಕು, ಅಷ್ಟೆ. ಮದೀನಾದ ಮುಸ್ಲಿಮರ ಸಂತೆಯಲ್ಲಿ ತೆರಿಗೆ ಹೇರಬಾರದೆಂದೂ ಪ್ರವಾದಿ(ಸ) ಹೇಳಿದ್ದಾಗಿ ಇಬ್ನು ಮಾಜಃ ವರದಿ ಮಾಡಿದ್ದಾರೆ. ಮುಂದಿನ ಕಾಲದಲ್ಲಿ ಅಲ್ಲಿನ ಜಾಗ ಮಸೀದಿಯ ಸಫ್ಫಿನಂತೆ, ಮೊದಲು ಬಂದವನಿಗೆ ಆ ದಿನದ ಮಟ್ಟಿಗೆ ಅದು ಸಲ್ಲುತ್ತದೆಂಬ ರೂಢಿ ಇತ್ತು. ಬಂಡವಾಳವಿಲ್ಲದವನೂ ಒಂದು ಬುಟ್ಟಿ ಖರ್ಜೂರ ಇಟ್ಟುಕೊಂಡು ಕೂರಬಹುದಿತ್ತು. ಸಂತೆ ಕಟ್ಟೆಯ ಏಲಂ ಮೊತ್ತ ತರಕಾರಿಯವಳ ತಲೆಯ ಮೇಲೆ ಬೀಳುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಬಡವನ ಪಾಲು. ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಹಕ್ಕಿದೆ ಎಂದು ಕುರ್‌ಆನ್ ಎರಡು ಕಡೆ ಹೇಳುತ್ತದೆ (51:19, 70:24-25). ಎರಡೂ ಕಡೆ ಬಳಸಿದ್ದು ಅದೇ ಪದ, ಹಕ್ಕ್. ಪ್ರವಾದಿವರ್ಯರ(ಸ) ನಿಧನದ ಬಳಿಕ 632ರಲ್ಲಿ ಕೆಲವು ಬುಡಕಟ್ಟುಗಳು ನಮಾಝ್ ಮಾಡುತ್ತೇವೆ, ಆದರೆ ಝಕಾತ್ ಕೊಡುವುದಿಲ್ಲ ಎಂದಾಗ ಹಝ್ರತ್ ಉಮರ್(ರ)ರಂತಹವರೂ ಕ್ಷಣಕಾಲ ಹಿಂಜರಿದರು. ಖಲೀಫಾ ಅಬೂಬಕರ್(ರ) ಹಿಂಜರಿಯಲಿಲ್ಲ. ಝಕಾತ್ ಸಂಪತ್ತಿನ ಮೇಲಿನ ಹಕ್ಕು ಎಂದರು. ಪರರ ಸೊತ್ತನ್ನು ಇಟ್ಟುಕೊಂಡವನೊಡನೆ ಆಡಳಿತ ಹೇಗೆ ವರ್ತಿಸಬೇಕೋ ಹಾಗೆಯೇ ವರ್ತಿಸಿದರು.

ಈಗ ಎರಡನ್ನೂ ಜೊತೆಗಿಟ್ಟು ನೋಡಿ. ವ್ಯಾಪಾರಿಯ ಸರಕಿಗೆ ಕೈ ಹಾಕಬಾರದು, ಏಕೆಂದರೆ ಅದು ಅವನದು. ಆ ಸರಕಿನ ನಲವತ್ತರಲ್ಲಿ ಒಂದು ಪಾಲನ್ನು ಅವನು ಇಟ್ಟುಕೊಳ್ಳಬಾರದು, ಏಕೆಂದರೆ ಅದು ಅವನದಲ್ಲ. ಪರರ ಸೊತ್ತನ್ನು ಮುಟ್ಟಬಾರದೆಂಬ ಒಂದೇ ನಿಯಮ ಎರಡನ್ನೂ ಕಾಯುತ್ತದೆ. ಮೊದಲನೆಯದನ್ನು ಮಾತ್ರ ಬಿಗಿಯಾಗಿ ಹಿಡಿದು ಎರಡನೆಯದನ್ನು ‘ದಾನಧರ್ಮ, ಮನಸ್ಸಿದ್ದರೆ ಮಾಡಬಹುದು’ ಎಂದು ಸಡಿಲಿಸುವವನು ವ್ಯಾಪಾರ ಸ್ವಾತಂತ್ರ್ಯದ ಪರವಾಗಿ ಮಾತಾಡುತ್ತಿಲ್ಲ, ತನ್ನ ತಿಜೋರಿಯ ಪರವಾಗಿ ಮಾತಾಡುತ್ತಿದ್ದಾನೆ.

ಒಂದು ಕೊಡಲಿ, ಒಂದು ನಷ್ಟ

ಉಚಿತವಾಗಿ ಕೊಟ್ಟರೆ ಸೋಮಾರಿಯಾಗುವನೆಂಬ ಆಕ್ಷೇಪಕ್ಕೆ ಉತ್ತರವಾಗಿ ಅಬೂದಾವೂದ್‌ನಲ್ಲಿ ಒಂದು ಘಟನೆಯಿದೆ. ಅನ್ಸಾರರಲ್ಲೊಬ್ಬರು ಬೇಡಿಕೊಂಡು ಬಂದರು. ಮನೆಯಲ್ಲಿ ಏನಾದರೂ ಇದೆಯೇ ಎಂದು ಪ್ರವಾದಿ(ಸ) ವಿಚಾರಿಸಿದರು. ಅರ್ಧ ಹೊದ್ದು ಅರ್ಧ ಹಾಸುವ ಒಂದು ಕಂಬಳಿ, ನೀರು ಕುಡಿಯುವ ಒಂದು ಬಟ್ಟಲು, ಇಷ್ಟೇ. ಅವೆರಡನ್ನೂ ತರಿಸಿ ತಾವೇ ಕೈಯಲ್ಲಿ ಹಿಡಿದು ಏಲಂ ಕೂಗಿದರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರು ಯಾರೆಂದು ಎರಡು ಮೂರು ಸಲ ಕೇಳಿದರು. ಇನ್ನೊಬ್ಬರು ಎರಡು ದಿರ್ಹಮ್‌ಗೆ ಕೊಂಡರು. ಒಂದು ದಿರ್ಹಮ್‌ನಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿ ತಂದಾಗ ತಮ್ಮ ಕೈಯಿಂದಲೇ ಅದಕ್ಕೆ ಹಿಡಿ ಕೂರಿಸಿ, ಸೌದೆ ಕಡಿದು ಮಾರಲು ಹೇಳಿ, ಹದಿನೈದು ದಿನ ನನ್ನ ಕಣ್ಣಿಗೆ ಬೀಳಬೇಡವೆಂದು ಕಳುಹಿಸಿದರು. ಮರಳಿ ಬಂದಾಗ ಆತನ ಕೈಯಲ್ಲಿ ಹತ್ತು ದಿರ್ಹಮ್ ಇತ್ತು.

ಸಾಮಾನ್ಯವಾಗಿ ಇದನ್ನು ಭಿಕ್ಷಾಟನೆಗೆ ವಿರುದ್ಧವಾದ ಪಾಠವೆಂದು ಹೇಳುತ್ತಾರೆ. ಅದು ಸರಿ. ಆದರೆ ಸಂತೆಯ ಮುಕ್ತ ಏಲಂ ಇಲ್ಲದಿದ್ದರೆ ಒಂದು ದಿರ್ಹಮ್ ಎರಡಾಗುತ್ತಿರಲಿಲ್ಲ. ಸೌದೆ ಕೊಳ್ಳುವ ಸಂತೆಯಿಲ್ಲದಿದ್ದರೆ ಕೊಡಲಿಯಿಂದ ಪ್ರಯೋಜನವಿರಲಿಲ್ಲ. ಹಾಗೆಯೇ, ಒಂದು ರಾಷ್ಟ್ರದ ನಾಯಕ ಕುಳಿತು ಹಿಡಿ ಕೂರಿಸಿ ಕೊಡದಿದ್ದರೆ, ಸಂತೆ ತಾನಾಗಿ ಆ ಮನುಷ್ಯನನ್ನು ಕರೆದು ಕೊಡಲಿ ಕೊಡುತ್ತಿರಲಿಲ್ಲ. ‘ಹೋಗಿ ದುಡಿ’ ಎಂದು ಬಾಗಿಲು ಹಾಕುವವರು ಈ ಹದೀಸಿನ ಅರ್ಧವನ್ನಷ್ಟೇ ಓದಿದ್ದಾರೆ. ಬೇಡುವುದು ಯಾರಿಗೆ ಸಲ್ಲುತ್ತದೆಂಬುದನ್ನೂ ಅದೇ ಸಂದರ್ಭದಲ್ಲಿ ಪ್ರವಾದಿ(ಸ) ತಿಳಿಸಿದರು. ಕಡುಬಡತನಕ್ಕೆ ಬಿದ್ದವನು, ಹೊರಲಾರದ ಸಾಲಗಾರ ಮತ್ತು ರಕ್ತಪರಿಹಾರದ ಹೊರೆ ಹೊತ್ತವನು.

ಈ ಸಾಲಗಾರನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನಮ್ಮ ಸಮುದಾಯದಲ್ಲಿ ಅತಿ ಹೆಚ್ಚು ಮರೆತುಹೋದವನು ಇವನೇ. ಸಂತೆ ಮುಕ್ತವಾಗಿದ್ದರೆ ಕೆಲವರು ಗೆಲ್ಲುತ್ತಾರೆ, ಕೆಲವರು ಮುಳುಗುತ್ತಾರೆ. ಪ್ರಾಮಾಣಿಕವಾಗಿ ನಡೆದವನೂ ಮುಳುಗುತ್ತಾನೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಒಬ್ಬರು ಹಣ್ಣಿನ ಫಸಲು ಕೊಂಡು ನಷ್ಟಕ್ಕೀಡಾದರು. ಸಾಲ ಬೆಳೆಯಿತು. ಅವರಿಗೆ ಸದಕಾ ಕೊಡಿರೆಂದು ಪ್ರವಾದಿ(ಸ) ಜನರಿಗೆ ಹೇಳಿದರು. ಜನ ಕೊಟ್ಟರು, ಆದರೂ ಸಾಲಕ್ಕೆ ಸಾಲಲಿಲ್ಲ. ಆಗ ಸಾಲ ಕೊಟ್ಟವರನ್ನು ಕರೆದು, ಇರುವುದನ್ನು ತೆಗೆದುಕೊಳ್ಳಿರಿ, ಅದಕ್ಕಿಂತ ಹೆಚ್ಚು ನಿಮಗಿಲ್ಲ ಎಂದು ತೀರ್ಪಿತ್ತರು. ಅಬೂಸಈದ್ ಅಲ್‌ಖುದ್ರೀ(ರ)ರಿಂದ ವರದಿಯಾದ ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಸಾಲ ತೀರಿಸಲಾಗದವನನ್ನು ಗುಲಾಮನಾಗಿ ಮಾರುತ್ತಿದ್ದ ಪದ್ಧತಿಗಳು ಪ್ರಾಚೀನ ಜಗತ್ತಿನಲ್ಲಿದ್ದುವು. ಇಂಗ್ಲೆಂಡಿನಲ್ಲಿ ಸಾಲಗಾರರನ್ನು ಸೆರೆಗೆ ತಳ್ಳುವ ಪದ್ಧತಿಗೆ ಹೆಚ್ಚುಕಡಿಮೆ ತೆರೆಬಿದ್ದದ್ದು 1869ರ ಕಾನೂನಿನಿಂದ. ಏಳನೆಯ ಶತಮಾನದ ಮದೀನಾದಲ್ಲಿ ನಷ್ಟಹೊಂದಿದ ವ್ಯಾಪಾರಿಗೆ ಸಮಾಜ ನೆರವು ಕೊಟ್ಟಿತು, ಸಾಲ ಕೊಟ್ಟವರಿಗೆ ಮಿತಿ ಹಾಕಿತು, ಅವನ ಜೀವ ಮಾನಗಳಿಗೆ ಕೈ ಹಾಕಲು ಬಿಡಲಿಲ್ಲ.

ಝಕಾತಿನ ಎಂಟು ವಿಭಾಗಗಳಲ್ಲಿ (9:60) ಒಂದು ಪೂರ್ತಿ ವಿಭಾಗವೇ ಸಾಲಗಾರರಿಗೆ ಮೀಸಲು. ಆರಂಭದ ದಿನಗಳಲ್ಲಿ ಯಾರಾದರೂ ಸಾಲ ಬಿಟ್ಟು ತೀರಿಕೊಂಡರೆ, ತೀರಿಸಲು ಏನಾದರೂ ಬಿಟ್ಟಿದ್ದಾನೆಯೇ ಎಂದು ಪ್ರವಾದಿ(ಸ) ಕೇಳುತ್ತಿದ್ದರು. ಇಲ್ಲವೆಂದಾದರೆ ಜನಾಝ ನಮಾಝ್ ನೀವೇ ಮಾಡಿರೆಂದು ಅನುಚರರಿಗೆ ಹೇಳುತ್ತಿದ್ದರು. ವಿಜಯಗಳ ಬಳಿಕ ಬೊಕ್ಕಸದಲ್ಲಿ ಹಣ ಬಂದಾಗ, ಸೊತ್ತು ಬಿಟ್ಟು ಹೋದರೆ ಅದು ವಾರಸುದಾರರಿಗೆ, ಸಾಲ ಬಿಟ್ಟು ಹೋದರೆ ಅದು ತನ್ನ ಹೊಣೆ ಎಂದು ಘೋಷಿಸಿದರು. ಆಡಳಿತದ ಕೈಯಲ್ಲಿ ಹಣ ಹೆಚ್ಚಾದಂತೆ ಹೊಣೆಯೂ ಹಿಗ್ಗಿತು ಎಂಬುದು ಇಲ್ಲಿ ಗಮನಾರ್ಹ.

ಝಕಾತಿನ ಲೆಕ್ಕವೂ ವ್ಯಾಪಾರ, ದುಡಿಮೆಗಳ ಕೈ ಕಟ್ಟುವಂತಹುದಲ್ಲ. ಮಳೆಯಿಂದ ಬೆಳೆದ ಬೆಳೆಯಲ್ಲಿ ಹತ್ತನೆಯ ಒಂದು ಪಾಲು. ನೀರೆತ್ತಿ ಬೆಳೆಸಿದರೆ ಇಪ್ಪತ್ತನೆಯ ಒಂದು ಪಾಲು, ಶ್ರಮವೂ ಖರ್ಚೂ ಹೆಚ್ಚಾದುದರಿಂದ ಅರ್ಧ ರಿಯಾಯಿತಿ. ವಾಸದ ಮನೆ, ಕಸುಬಿನ ಉಪಕರಣಗಳ ಮೇಲೆ ಝಕಾತಿಲ್ಲ. ತಕ್ಕಡಿ, ಕಪಾಟು, ಹೊಲಿಗೆ ಯಂತ್ರ ಇವು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಪೆಟ್ಟಿಗೆಯಲ್ಲಿ ಮಲಗಿಸಿದ ಹಣ ನಿಸಾಬ್ ತಲಪಿದ್ದರೆ ವರ್ಷವರ್ಷವೂ ಕರಗುತ್ತದೆ. ಅದಕ್ಕೇ ಹಝ್ರತ್ ಉಮರ್(ರ), ಅನಾಥರ ಹಣವನ್ನು ವ್ಯಾಪಾರದಲ್ಲಿ ತೊಡಗಿಸಿರಿ, ಝಕಾತ್ ಅದನ್ನು ತಿಂದು ಮುಗಿಸದಿರಲಿ ಎಂದರೆಂದು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಬಡವನ ಪಾಲು ಹಣವನ್ನು ಸಂತೆಯಿಂದ ಓಡಿಸುವುದಿಲ್ಲ, ಸಂತೆಗೆ ಅಟ್ಟುತ್ತದೆ.

ಬರಗಾಲದಲ್ಲಿ ಪರೀಕ್ಷೆ

ಎಲ್ಲ ಸುಸೂತ್ರವಾಗಿರುವಾಗ ಸಿದ್ಧಾಂತ ಹೇಳುವುದು ಸುಲಭ. ಹಿಜ್‌ರಾ 18ರಲ್ಲಿ (ಕ್ರಿ.ಶ. 639) ಹಿಜಾಝಿನಲ್ಲಿ ಭೀಕರ ಬರ ಬಿತ್ತು. ನೆಲ ಬೂದಿಯ ಬಣ್ಣಕ್ಕೆ ತಿರುಗಿದ್ದರಿಂದ ಅದನ್ನು ‘ರಮಾದಃ’ ವರ್ಷವೆನ್ನುತ್ತಾರೆ. ಹಝ್ರತ್ ಉಮರ್(ರ) ಸಿರಿಯಾ ಮೊದಲಾದ ಪ್ರಾಂತಗಳಿಗೆ ಬರೆದು ಒಂಟೆಗಳ ಮೇಲೆ ಧಾನ್ಯ ತರಿಸಿದರು. ಮದೀನಾಕ್ಕೆ ಗುಳೆ ಬಂದವರಿಗೆ ಅಡುಗೆ ಮಾಡಿಸಿ ಬಡಿಸಿದರು. ಆ ವರ್ಷ ಝಕಾತ್ ವಸೂಲಿಯನ್ನು ಮುಂದೂಡಿದರು. ಹೊಟ್ಟೆಗಿಲ್ಲದೆ ಕದ್ದವನ ಕೈ ಕತ್ತರಿಸುವ ಶಿಕ್ಷೆಯನ್ನು ತಡೆದರು. ಸಂತೆಗೆ ತುಪ್ಪ, ಹಾಲು ಬಂದಾಗ ಅವರ ಸೇವಕ ನಲವತ್ತು ದಿರ್ಹಮ್ ಕೊಟ್ಟು ಕೊಂಡುತಂದ. ಅಷ್ಟು ದುಬಾರಿಯೆಂದು ತಿಳಿದು, ಅದನ್ನು ಬಡವರಿಗೆ ಕೊಟ್ಟುಬಿಡು, ಜನರಿಗೆ ತಟ್ಟಿದ್ದು ನನಗೆ ತಟ್ಟದಿದ್ದರೆ ಅವರ ನೋವು ನನಗೆ ಹೇಗೆ ತಿಳಿದೀತು ಎಂದರು.

ಆ ಕಥನದಲ್ಲಿ ಖಲೀಫಾ ತುಪ್ಪದವನ ಮೇಲೆ ಸಿಟ್ಟಾಗಲಿಲ್ಲ. ಬೆಲೆ ಇಳಿಸು ಎಂದು ಬೆತ್ತ ಹಿಡಿಯಲಿಲ್ಲ. ಸರಕು ತರಿಸಿದರು, ಕೊಳ್ಳಲಾಗದವನಿಗೆ ಉಣಿಸಿದರು, ತಾವು ತುಪ್ಪ ಬಿಟ್ಟರು. ನಮ್ಮ ಕಾಲದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ 1943ರ ಬಂಗಾಳದ ಕ್ಷಾಮವನ್ನು ಪರಿಶೀಲಿಸಿ, ಅಲ್ಲಿ ಆಹಾರ ತೀರಾ ಇಲ್ಲದ್ದರಿಂದಲ್ಲ, ಕೂಲಿಕಾರರಿಗೆ ಅದನ್ನು ಕೊಳ್ಳುವ ಶಕ್ತಿ ಇಲ್ಲದ್ದರಿಂದ ಜನ ಸತ್ತರೆಂದು ವಾದಿಸಿದರು. ಧಾನ್ಯವೂ ಬೇಕು, ಕೊಳ್ಳಲಾಗದವನಿಗೆ ಊಟವೂ ಬೇಕು. ಎರಡರಲ್ಲಿ ಒಂದೇ ಸಾಕೆಂದರೆ ಹಸಿದವನು ಸಾಯುತ್ತಾನೆ.

ಹಾಗಾದರೆ ಬೆಲೆಯಲ್ಲಿ ಆಡಳಿತ ಎಂದೂ ಕೈ ಹಾಕಬಾರದೇ? ಇಮಾಮ್ ಇಬ್ನು ತೈಮಿಯ್ಯ (ನಿಧನ 1328) ಇದನ್ನು ಬಿಡಿಸಿ ಹೇಳಿದ್ದಾರೆ. ಸರಕು ಕಡಿಮೆಯಾಗಿಯೋ ಜನ ಹೆಚ್ಚಾಗಿಯೋ ಬೆಲೆ ಏರಿದ್ದರೆ ವ್ಯಾಪಾರಿಯನ್ನು ಬಲಾತ್ಕರಿಸುವುದು ಅನ್ಯಾಯ. ಜನರಿಗೆ ಅಗತ್ಯವಾದುದನ್ನು ತಡೆದಿಟ್ಟು ಸುಲಿಯುತ್ತಿದ್ದರೆ ನ್ಯಾಯಬೆಲೆಗೆ ಮಾರುವಂತೆ ಮಾಡುವುದು ಕರ್ತವ್ಯ. ಶೇಕಡಾ ಎರಡೂವರೆಯಿಂದ ಬಡವರ ಹಸಿವು ಹಿಂಗದಿದ್ದರೆ ಏನೆಂಬ ಪ್ರಶ್ನೆಗೆ ಸ್ಪೇನಿನ ಇಬ್ನು ಹಝ್ಮ್ (ನಿಧನ 1064) ಇನ್ನೂ ಖಡಾಖಂಡಿತವಾಗಿ ಉತ್ತರಿಸಿದ್ದಾರೆ. ಝಕಾತ್ ಸಾಲದಿದ್ದರೆ ಆಯಾ ಊರಿನ ಧನಿಕರೇ ಬಡವರ ಅನ್ನ, ಬಟ್ಟೆ, ವಸತಿಗೆ ಹೊಣೆ, ಆಡಳಿತಗಾರನು ಅವರನ್ನು ಕಟ್ಟಾಯಪಡಿಸಬೇಕು.

ಇಂದಿನ ಜಗತ್ತಿನಲ್ಲಿ ಇದು ನಡೆಯುವ ಮಾತೇ ಎನ್ನುವವರು ಡೆನ್ಮಾರ್ಕ್, ಸ್ವೀಡನ್‌ಗಳತ್ತ ನೋಡಬಹುದು. ಅಲ್ಲಿ ವ್ಯಾಪಾರ ಬಹಳ ಮುಕ್ತ. ಕಾನೂನಿನಲ್ಲಿ ಕನಿಷ್ಠ ವೇತನವನ್ನೂ ಬರೆದಿಲ್ಲ, ಮಾಲಕರ ಮತ್ತು ಕಾರ್ಮಿಕರ ಸಂಘಗಳು ಮಾತಾಡಿ ನಿರ್ಧರಿಸುತ್ತವೆ. ಡೆನ್ಮಾರ್ಕ್‌ನಲ್ಲಿ ಮಾಲಕನು ಆಳನ್ನು ಬಿಡುವುದೂ ಸುಲಭ. ಆದರೆ ಕೆಲಸ ಹೋದವನು ವಿಮಾ ನಿಧಿಯ ಸದಸ್ಯನಾಗಿದ್ದರೆ ಎರಡು ವರ್ಷಗಳ ತನಕ ಭತ್ತೆ ಸಿಗುತ್ತದೆ, ಹೊಸ ಕೆಲಸಕ್ಕೆ ತರಬೇತಿಯೂ ಇದೆ. ವೈದ್ಯರಿಗೆ, ಶಾಲೆಗೆ ತೆರಿಗೆಯ ಹಣ. ಆ ದೇಶಗಳ ಬ್ಯಾಂಕುಗಳು ಬಡ್ಡಿಯ ಮೇಲೆಯೇ ನಿಂತಿವೆ, ಅಲ್ಲಿನ ಬದುಕಿನ ಎಲ್ಲವೂ ನಮಗೆ ಮಾದರಿಯಲ್ಲ. ಬೀಳುವ ಭಯ ಕಡಿಮೆಯಾದರೆ ಜನ ವ್ಯಾಪಾರಕ್ಕೆ ಹೆದರುವುದಿಲ್ಲ ಎಂಬಷ್ಟನ್ನು ಅವರಿಂದ ಕಲಿಯಬಹುದು. ಅದನ್ನು ನಾವು ಅವರಿಂದ ಕಲಿಯಬೇಕಾಗಿ ಬಂದುದೇ ದುಃಖ.

ಏಕೆಂದರೆ ನಮ್ಮಲ್ಲಿ ಏನಾಗುತ್ತಿದೆ? ಮಧ್ಯಮ ಮಟ್ಟದ ಒಂದು ಅಂಗಡಿಯನ್ನು ತೆಗೆದುಕೊಳ್ಳಿ. ಮಾರಾಟದ ಸರಕು ಐದು ಲಕ್ಷ, ಕೈಯಲ್ಲಿ ಒಂದು ಲಕ್ಷ. ವರ್ಷಕ್ಕೆ ಝಕಾತ್ 15,000 ರೂಪಾಯಿ. ರಮಝಾನಿನ ಇಪ್ಪತ್ತೇಳನೆಯ ದಿನ ಅಂಗಡಿ ಮುಂದೆ ಸಾಲು ನಿಲ್ಲಿಸಿ ನೂರು ರೂಪಾಯಿಯಂತೆ 150 ಜನರಿಗೆ ಹಂಚಿದರೆ ಮಾಲಕನ ಮನಸ್ಸು ಹಗುರವಾಗುತ್ತದೆ. ಪೆರ್ನಾಲ್ ಕಳೆದ ಮರುದಿನ ಆ 150 ಜನರಲ್ಲಿ ಒಬ್ಬನ ಬದುಕೂ ಬದಲಾಗಿರುವುದಿಲ್ಲ. ಮುಂದಿನ ವರ್ಷ ಅವರೇ ಮತ್ತೆ ಸಾಲಿನಲ್ಲಿರುತ್ತಾರೆ, ಅವರ ಮಕ್ಕಳೂ ಇರುತ್ತಾರೆ.

ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬಿನವರು. ಆ ಮದ್‌ಹಬಿನ ಮಹಾ ವಿದ್ವಾಂಸ ಇಮಾಮ್ ನವವಿ (ನಿಧನ 1277) ಏನು ಬರೆದಿದ್ದಾರೆ? ಕಸುಬು ಬಲ್ಲ ಬಡವನಿಗೆ ಅವನ ಉಪಕರಣದ ಬೆಲೆಯಷ್ಟು ಕೊಡಬೇಕು, ವ್ಯಾಪಾರ ಬಲ್ಲವನಿಗೆ ಆ ವ್ಯಾಪಾರಕ್ಕೆ ಸಾಕಾಗುವ ಬಂಡವಾಳ ಕೊಡಬೇಕು. ಸೊಪ್ಪು ಮಾರುವವನಿಗೆ ಐದೋ ಹತ್ತೋ ದಿರ್ಹಮ್ ಸಾಕು, ರತ್ನ ವ್ಯಾಪಾರಿಗೆ ಅದಕ್ಕಿಂತ ಕಡಿಮೆಯಲ್ಲಿ ಆಗದಿದ್ದರೆ ಹತ್ತು ಸಾವಿರ ದಿರ್ಹಮ್ ಕೂಡ. ಇದನ್ನು ಓದಿ ಬೆರಗಾಗದವರಿಲ್ಲ. ರತ್ನ ವ್ಯಾಪಾರಿಗೆ ಝಕಾತೇ? ಹೌದು, ಅವನು ಬಿದ್ದಿದ್ದರೆ. ಅವನನ್ನು ಅವನು ಬಲ್ಲ ಸಂತೆಗೆ ಮರಳಿಸಬೇಕು, ಮುಂದಿನ ವರ್ಷ ಅವನೇ ಝಕಾತ್ ಕೊಡುವವನಾಗಲಿ ಎಂಬ ಎಣಿಕೆ ಅದರಲ್ಲಿದೆ. ಕೊಡುವುದಾದರೆ ಸಾಕಾಗುವಷ್ಟು ಕೊಡಿ ಎಂಬ ಹಝ್ರತ್ ಉಮರ್(ರ)ರ ಆದೇಶವೂ ಇದೇ ಅರ್ಥದ್ದು.

ಯಮನಿಗೆ ಕಳುಹಿಸುವಾಗ ಮುಆದ್ ಬಿನ್ ಜಬಲ್(ರ)ರಿಗೆ ಪ್ರವಾದಿ(ಸ) ಕೊಟ್ಟ ನಿರ್ದೇಶ, ಅಲ್ಲಿನ ಧನಿಕರಿಂದ ಪಡೆದು ಅಲ್ಲಿನ ಬಡವರಿಗೇ ಮರಳಿಸಬೇಕೆಂಬುದಾಗಿತ್ತು. ಮುಂದೆ ಉಮರ್(ರ)ರ ಕಾಲದಲ್ಲಿ ಮುಆದ್(ರ) ಅಲ್ಲಿಂದ ಮೂರನೆಯ ಒಂದು ಪಾಲನ್ನು ಮದೀನಾಕ್ಕೆ ಕಳುಹಿಸಿದಾಗ ಖಲೀಫಾ ಆಕ್ಷೇಪಿಸಿದರು. ಇಲ್ಲಿ ಪಡೆಯುವವರು ಸಿಗುತ್ತಿದ್ದರೆ ಕಳುಹಿಸುತ್ತಿರಲಿಲ್ಲ ಎಂದು ಉತ್ತರ ಬಂತು. ಮರುವರ್ಷ ಅರ್ಧ ಬಂತು, ಅದರ ಮರುವರ್ಷ ಪೂರ್ತಿ ಬಂತು. ಈ ವರದಿ ಅಬೂಉಬೈದ್‌ರ ಕಿತಾಬುಲ್ ಅಮ್ವಾಲ್‌ನಲ್ಲಿದೆ.

ಒಂದು ಜಮಾಅತಿನ ಹತ್ತು ಅಂಗಡಿಯವರು ತಮ್ಮ 15,000ಗಳನ್ನು ಒಟ್ಟಾಗಿಸಿದರೆ ಒಂದೂವರೆ ಲಕ್ಷವಾಯಿತು. ಯಾರಿಗೆ ಕೊಡುವುದೆಂದು ಹುಡುಕಲು ದೂರ ಹೋಗಬೇಕಾಗಿಲ್ಲ. ಕಳೆದ ಎರಡು ವರ್ಷಗಳಲ್ಲಿ ನಿಮ್ಮದೇ ಬೀದಿಯಲ್ಲಿ ಷಟರ್ ಎಳೆದು ಹೋದ ಅಂಗಡಿಗಳು ಯಾರವು, ಅವರ ಮೇಲೆ ಎಷ್ಟು ಸಾಲವಿದೆ ಎಂದು ವಿಚಾರಿಸಿ. ಯಾಚಿಸಲು ಸಂಕೋಚಪಡುವುದರಿಂದ ತಿಳಿಯದವನಿಗೆ ಧನಿಕರಂತೆ ಕಾಣುವ ಬಡವರ ಬಗ್ಗೆ ಕುರ್‌ಆನ್ (2:273) ಹೇಳಿದೆಯಲ್ಲ, ಅವರೇ ಇವರು. ಇಪ್ಪತ್ತೇಳರ ಸಾಲಿನಲ್ಲಿ ಇವರು ನಿಲ್ಲುವುದಿಲ್ಲ. ಜಮಾಅತಿನ ಇಬ್ಬರು ಹಿರಿಯರು ಲೆಕ್ಕದ ಪುಸ್ತಕದೊಂದಿಗೆ ಅವರ ಮನೆಗೆ ಹೋಗಬೇಕು.